ಅತ್ತಿಯ ಹೂವು ಕಂಡ ಬಗೆ: ಸಮೀಪ ಛಾಯಾಗ್ರಹಣವನ್ನು ಕುರಿತು

ಬಹುಕಾಲ ಕಣ್ಣಿಗೆ ಬೀಳದೆ ಇದ್ದ ಮಿತ್ರನೊಬ್ಬ ಎದುರಾದಾಗ ‘ಏನಪ್ಪಾ, ಅತ್ತಿಯ ಹೂವಾಗಿಬಿಟ್ಟೆಯಲ್ಲ’ ಎಂದು ಕೇಳುವ ವಾಡಿಕೆ ನಮ್ಮ ಹಿರಿಯರಲ್ಲಿತ್ತು. ಅತ್ತಿಯ ಮರ ಹೂ ಬಿಟ್ಟುದನ್ನು ಕಂಡವರಿಲ್ಲ, ಅದು ಹೂವಿಲ್ಲದೆಯೇ ಕಾಯಿ ಕಚ್ಚುತ್ತದೆ ಎಂಬ ನಂಬಿಕೆ ಈ ನುಡಿಯ ಹಿಂದಿದೆ. ನಮ್ಮ ನಿಘಂಟುಕಾರರೂ ಇದಕ್ಕೆ ಹೊರತಲ್ಲ. ಅಮರಕೋಶದ ವನೌಷಧಿವರ್ಗದಲ್ಲಿ ಹೂಬಿಟ್ಟು ಫಲಿಸುವ ಮರಕ್ಕೆ ‘ವಾನಸ್ಪತ್ಯ’ವೆಂದೂ ಹೂವಿಲ್ಲದೆ ಫಲಿಸುವ ಮರಕ್ಕೆ ‘ವನಸ್ಪತಿ’ಯೆಂದೂ ಹೆಸರು. ವ್ಯಾಖ್ಯಾನಕಾರರು ಎರಡನೆಯದಕ್ಕೆ ಅತ್ತಿಯಂಥ ಮರಗಳನ್ನೇ ಉದಾಹರಿಸುವರು. ವಿದ್ವತ್ ಪರೀಕ್ಷೆಗೆಂದು ಗುರುಗಳ ಮುಂದೆ ಕುಳಿತು ಬಾಯಿಪಾಠ ಮಾಡಿದ ಈ ಮಾತನ್ನು ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ತರಗತಿಗಳಲ್ಲಿ ನಿಸ್ಸಂದೇಹವಾಗಿ ಹೇಳುತ್ತ ಬಂದೆನು.

ಸುಮಾರು ಹತ್ತು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮರುದಿನ ನನ್ನ ಮೇಜಿನ ಬಳಿಗೆ ಬಂದು ಅಣ್ಣನ ಮೊಬೈಲ್ ಫೋನನ್ನು ಚಾಚಿದನು. ಅದರಲ್ಲೊಂದು ಚಿತ್ರ. ಬ್ಲೇಡಿನಿಂದ ಎರಡಾಗಿ ಸೀಳಿದ ಅತ್ತಿಕಾಯಿ. ಅವನ ಸೋದರಮಾವನದು ಬಳ್ಳಾರಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿಯಂತೆ. ಆ ಕೆಲಸದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವನ್ನು ಫೋನಿನ ಮುಂದೆ ಹಿಡಿದು ಆ ಚಿತ್ರವನ್ನು ತೆಗೆದಿದ್ದನು. ಕಾಯಿಯ ಒಳಗೋಡೆಯ ತುಂಬ, ಮದುವೆಮನೆಯ ಚಪ್ಪರಕ್ಕೆ ಹೂಸರ ಇಳಿಬಿಟ್ಟಂತೆ, ನೂರಾರು ಎಳೆಯ ಹೂಗಳು ಒತ್ತೊತ್ತಾಗಿ ನಿಂತಿದ್ದವು. ಒಂದು ಮೂಲೆಯಲ್ಲಿ ಸಾಸಿವೆಗಿಂತ ಸಣ್ಣದಾದ, ರೆಕ್ಕೆಯುಳ್ಳ ಕೀಟವೊಂದು ಇದ್ದಿತು. “ಸಾರ್, ನೀವು ಹೇಳಿದ ಹೂವು ಒಳಗಡೆ ಐತೆ” ಎಂದು ಮಾತ್ರ ಅವನು ಹೇಳಿದನು.

ಅತ್ತಿಯ ಕಾಯಿ ಎಂದು ನಾವು ಕರೆಯುವುದು ವಸ್ತುತಃ ಒಂದು ಕಾಯಿಯೇ ಅಲ್ಲ, ಒಳಮುಖವಾಗಿ ಮಡಿಚಿಕೊಂಡ ಹೂಗೊಂಚಲು. ತುದಿಯಲ್ಲಿರುವ ಸೂಜಿಮೊನೆಯಷ್ಟು ಕಿಂಡಿಯಿಂದ ಒಳನುಗ್ಗುವ ಸಣ್ಣ ಕಣಜದ ಹುಳುವೇ ಅದರ ಪರಾಗಸ್ಪರ್ಶಕ್ಕೆ ಆಧಾರ. ಸಸ್ಯಶಾಸ್ತ್ರಜ್ಞರಿಗೆ ಇದು ಹಳೆಯ ವಿಷಯ. ಕನ್ನಡ ಪಂಡಿತನಾದ ನನಗೆ ಹೊಸದು. ಆ ಸಂಜೆ ಬಹಳ ಹೊತ್ತು ಆ ಚಿತ್ರವೇ ಕಣ್ಣ ಮುಂದೆ ಸುಳಿಯುತ್ತಿತ್ತು. ಎಷ್ಟು ಶಬ್ದಗಳನ್ನು ವಸ್ತುವನ್ನು ಕಾಣದೆಯೇ ಕಲಿಸಿದೆನೋ ಎಂಬ ಸಂಕೋಚ ಅಂದು ಹುಟ್ಟಿದ್ದು ಇಂದಿಗೂ ಹೋಗಿಲ್ಲ. ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ಛಂದಸ್ಸನ್ನೋ ಅಲಂಕಾರವನ್ನೋ ಬಿಟ್ಟು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಆ ಸಂಕೋಚವೇ ಕಾರಣ.

ಸಣ್ಣ ವಸ್ತುವನ್ನು ಕಾಣಬೇಕಾದರೆ ಅದನ್ನು ಕಣ್ಣಿನ ಸಮೀಪಕ್ಕೆ ತರಬೇಕು. ಆದರೆ ಕಣ್ಣಿಗೊಂದು ಮೇರೆಯುಂಟು. ಸಾಮಾನ್ಯ ದೃಷ್ಟಿಯುಳ್ಳವರಿಗೆ ಅದು ಸುಮಾರು 25 ಸೆಂಟಿಮೀಟರ್ ಎಂದು ಶಾಲೆಯ ಭೌತಶಾಸ್ತ್ರವೇ ಹೇಳುತ್ತದೆ. ಅದಕ್ಕಿಂತ ಹತ್ತಿರ ತಂದರೆ ರೂಪ ಕಲಸಿಹೋಗುತ್ತದೆ. ವಯಸ್ಸಾದಂತೆ ಈ ಮೇರೆ ಹಿಂದೆ ಹಿಂದೆ ಸರಿಯುತ್ತದೆ. ನಲವತ್ತಕ್ಕೆ ಬರುವ ಕನ್ನಡಕವಾದುದರಿಂದಲೇ ಅದಕ್ಕೆ ‘ಚಾಳೀಸು’ ಎಂದು ನಮ್ಮವರು ಹೆಸರಿಟ್ಟರು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಅನಿಮಿಷವಾಗಿ ನೋಡುವ ಸಾಧಕನಿಗೆ ಅಂಗೈಯಷ್ಟು ದೂರದಲ್ಲಿ ದೃಷ್ಟಿಯನ್ನು ನಿಲ್ಲಿಸುವುದು ಎಷ್ಟು ಕಷ್ಟವೆಂಬುದು ಗೊತ್ತು. ಪೂಜೆಯನ್ನೂ ಯಂತ್ರವನ್ನೂ ಒಂದೇ ತಕ್ಕಡಿಯಲ್ಲಿಡುವ ಧಾರ್ಷ್ಟ್ಯ ನನಗಿಲ್ಲ. ಹತ್ತಿರದ್ದನ್ನು ನೋಡುವುದು ದೂರದ್ದನ್ನು ನೋಡುವುದಕ್ಕಿಂತ ಸುಲಭವೆಂಬ ಭ್ರಮೆ ಬೇಡವೆಂದಷ್ಟೇ ನನ್ನ ಮಾತು.

ಕ್ಯಾಮೆರಾದ ಕಣ್ಣಿಗೂ ಇಂಥದೇ ಮೇರೆಯಿದೆ. ಹಿಂದಿನ ಫಿಲ್ಮ್ ಕ್ಯಾಮೆರಾದ ಒಂದು ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರವಿರುತ್ತಿತ್ತು. ವಸ್ತುವು ಇರುವಷ್ಟೇ ಗಾತ್ರದಲ್ಲಿ ಅದರ ಬಿಂಬ ಫಿಲ್ಮಿನ ಮೇಲೆ ಮೂಡಿದರೆ ಅದನ್ನು ಒಂದಕ್ಕೊಂದು ಪ್ರಮಾಣವೆನ್ನುವರು. 50 ಮಿಲಿಮೀಟರಿನ ಸಾಮಾನ್ಯ ಮಸೂರವಾದರೋ 45 ಸೆಂಟಿಮೀಟರ್ ದೂರಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಬಿಂಬವು ವಸ್ತುವಿನ ಏಳನೆಯ ಒಂದು ಪಾಲಿನಷ್ಟು ಮಾತ್ರ. ಇನ್ನೂ ಸಮೀಪಕ್ಕೆ ಹೋಗಬೇಕಾದರೆ ಮಸೂರವನ್ನು ಫಿಲ್ಮಿನಿಂದ ದೂರ ಸರಿಸಬೇಕು. 50 ಮಿಲಿಮೀಟರಿನ ಮಸೂರಕ್ಕೆ ಇನ್ನೊಂದು 50 ಮಿಲಿಮೀಟರ್ ಉದ್ದದ ಕೊಳವೆಯನ್ನು ನಡುವೆ ಜೋಡಿಸಿದರೆ ಒಂದಕ್ಕೊಂದು ಪ್ರಮಾಣ ದೊರೆಯುತ್ತದೆ. ಬಡವರ ಉಪಾಯವೊಂದುಂಟು. ಅದೇ ಮಸೂರವನ್ನು ತಿರುಗುಮುರುಗಾಗಿ ಹಿಡಿದರೂ ಹತ್ತಿರಹತ್ತಿರ ಅದೇ ಫಲ. ಸಮೀಪ ಚಿತ್ರಗಳಿಗೆಂದೇ ಮಾಡಿದ ಮ್ಯಾಕ್ರೊ ಮಸೂರಗಳು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತವೆ, ಬೆಲೆಯೂ ಅದಕ್ಕೆ ತಕ್ಕಂತಿರುತ್ತದೆ.

ಇಷ್ಟಾದರೆ ಮುಗಿಯಲಿಲ್ಲ. ಮಸೂರ ದೂರ ಸರಿದಷ್ಟೂ ಬೆಳಕು ಹರಡಿ ತೆಳುವಾಗುತ್ತದೆ. ಒಂದಕ್ಕೊಂದು ಪ್ರಮಾಣದಲ್ಲಿ ಬಿಂಬಕ್ಕೆ ದಕ್ಕುವುದು ಕಾಲುಭಾಗ ಬೆಳಕು. ಅದಕ್ಕಿಂತ ದೊಡ್ಡ ತೊಡಕು ಸ್ಪಷ್ಟತೆಯ ಆಳದ್ದು. ಬೆಟ್ಟದ ಚಿತ್ರ ತೆಗೆದರೆ ಬುಡದಿಂದ ತುದಿಯವರೆಗೆ ಎಲ್ಲವೂ ಸ್ಪಷ್ಟ. ಇಲ್ಲಿ ಹಾಗಲ್ಲ. ಮಸೂರದ ರಂಧ್ರವನ್ನು ಎಫ್ 16ರಷ್ಟು ಕಿರಿದುಮಾಡಿದರೂ ಸ್ಪಷ್ಟವಾಗಿ ಮೂಡುವ ಭಾಗದ ದಪ್ಪ ಸುಮಾರು 2 ಮಿಲಿಮೀಟರ್. ಇರುವೆಯ ಕಣ್ಣು ನಿಚ್ಚಳವಾದರೆ ಹಿಂಗಾಲು ಮಂಜು. ರಂಧ್ರವನ್ನು ಇನ್ನೂ ಕಿರಿದುಮಾಡೋಣವೆಂದರೆ ಬೆಳಕು ಅಂಚಿನಲ್ಲಿ ಬಾಗಿ ಚದುರಿ ಇಡೀ ಚಿತ್ರವನ್ನೇ ಮಾಸಿಸುತ್ತದೆ. ಈಗಿನವರು ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತ ಹತ್ತಾರು ಚಿತ್ರಗಳನ್ನು ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ಕಂಪ್ಯೂಟರಿನಲ್ಲಿ ಒಂದುಗೂಡಿಸುವರು. ಮೊಬೈಲ್ ಫೋನಿನ ಪುಟ್ಟ ಕ್ಯಾಮೆರಾದಲ್ಲಿ ಈ ಆಳ ಸ್ವಭಾವತಃ ಹೆಚ್ಚು. ಆ ಹುಡುಗನ ಅತ್ತಿಕಾಯಿ ಅಷ್ಟು ಚೆನ್ನಾಗಿ ಬಂದುದಕ್ಕೆ ಅದೂ ಒಂದು ಕಾರಣವೆಂದು ಆಮೇಲೆ ತಿಳಿಯಿತು.

ಈ ವಿದ್ಯೆಗೆ ಪೂರ್ವಜರು ಚಿತ್ರಕಾರರೇ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ತನ್ನ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಚಿಗಟವೊಂದನ್ನು ಪುಟವನ್ನೂ ಮೀರಿದ ಗಾತ್ರದಲ್ಲಿ ಬರೆದು ತೋರಿಸಿದನು. ಛಾಯಾಗ್ರಹಣ ಲೋಕಕ್ಕೆ ಪರಿಚಯವಾದ 1839ರ ಆಸುಪಾಸಿನಲ್ಲಿಯೇ ಟಾಲ್ಬಟ್ ಸೌರ ಸೂಕ್ಷ್ಮದರ್ಶಕದ ನೆರವಿನಿಂದ ಸಣ್ಣ ವಸ್ತುಗಳ ಬಿಂಬವನ್ನು ಹಿಡಿದಿದ್ದನು. ಅಮೆರಿಕದ ವರ್ಮಾಂಟ್ ಪ್ರಾಂತದ ಬೆಂಟ್ಲಿ ಎಂಬ ರೈತ 1885ರಲ್ಲಿ ಹಿಮದ ಹರಳೊಂದನ್ನು ಛಾಯಾಚಿತ್ರದಲ್ಲಿ ಸೆರೆಹಿಡಿದು, 1931ರಲ್ಲಿ ತೀರಿಕೊಳ್ಳುವವರೆಗೆ ಅಂಥ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದನು. ಆದರೆ ಅಧ್ಯಾಪಕ ಬಂಧುಗಳು ವಿಶೇಷವಾಗಿ ತಿಳಿಯಬೇಕಾದ ಹೆಸರು ಕಾರ್ಲ್ ಬ್ಲಾಸ್‌ಫೆಲ್ಟ್. ಬರ್ಲಿನ್ನಿನ ಕಲಾಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ಈತ ತಾನೇ ಕಟ್ಟಿಕೊಂಡ ಕ್ಯಾಮೆರಾದಿಂದ ದಾರಿಬದಿಯ ಕಳೆಗಿಡಗಳ ಕುಡಿ, ಮೊಗ್ಗು, ಬೀಜಕೋಶಗಳನ್ನು ಹಲವು ಪಟ್ಟು ಹಿಗ್ಗಿಸಿ ಚಿತ್ರ ತೆಗೆದನು. ಉದ್ದೇಶ ಪ್ರದರ್ಶನವಲ್ಲ, ತನ್ನ ವಿದ್ಯಾರ್ಥಿಗಳಿಗೆ ಆಕಾರದ ಪಾಠ ಹೇಳುವುದು. ಅವು ಪುಸ್ತಕವಾಗಿ ಲೋಕದ ಕಣ್ಣಿಗೆ ಬಿದ್ದುದು 1928ರಲ್ಲಿ, ಆತನಿಗೆ ಅರವತ್ತು ದಾಟಿದ ಮೇಲೆ.

ನಮ್ಮ ಜಿಲ್ಲೆಗೂ ಛಾಯಾಗ್ರಹಣದ ಹಿರಿಮೆ ಉಂಟು. ಸಂಡೂರಿನ ರಾಜಮನೆತನದ ಶ್ರೀ ಎಂ. ವೈ. ಘೋರ್ಪಡೆಯವರು ರಾಜ್ಯದ ಅರ್ಥಸಚಿವರಾಗಿದ್ದವರು. ವನ್ಯಜೀವಿ ಛಾಯಾಗ್ರಾಹಕರೆಂದು ದೇಶದ ಹೊರಗೂ ಹೆಸರಾದರು. 1983ರಲ್ಲಿ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಗ್ರಂಥ ಹೊರಬಂದಿತು. ಅವರದು ದೂರದ ಆನೆ ಹುಲಿಗಳನ್ನು ಹತ್ತಿರ ತರುವ ಮಾರ್ಗ. ಸಣ್ಣದನ್ನು ಕನ್ನಡದಲ್ಲಿ ಕಾಣಿಸಿದವರೆಂದರೆ ಮೊದಲು ನೆನಪಾಗುವವರು ಡಾ. ಬಿ. ಜಿ. ಎಲ್. ಸ್ವಾಮಿಯವರು. ‘ಹಸುರು ಹೊನ್ನು’ ಗ್ರಂಥಕ್ಕೆ ಅವರು ತಾವೇ ರೇಖಾಚಿತ್ರಗಳನ್ನು ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ರೇಖಾಚಿತ್ರ ಬರೆಯುವವನು ಬೇಕಾದುದನ್ನು ಎತ್ತಿ ಬೇಡವಾದುದನ್ನು ಬಿಡಬಲ್ಲ. ಛಾಯಾಚಿತ್ರ ಎದುರಿಗಿದ್ದುದನ್ನೆಲ್ಲ, ನಾವು ಕೇಳದೆ ಇದ್ದುದನ್ನೂ, ಹಿಡಿದು ತರುತ್ತದೆ. ಆ ಕಣಜದ ಹುಳುವನ್ನು ಹುಡುಗ ಹುಡುಕಿರಲಿಲ್ಲ. ಚಿತ್ರದಲ್ಲಿ ತಾನಾಗಿ ಬಂದಿತ್ತು.

ಅಂದಿನಿಂದ ರಜೆಯ ದಿನಗಳಲ್ಲಿ ನಾಲ್ಕಾರು ಮಕ್ಕಳೊಡನೆ ಹೊಲ ಬೆಟ್ಟ ಸುತ್ತುವುದು ನನಗೆ ರೂಢಿಯಾಯಿತು. ಒಂದು ದಸರೆಯ ರಜೆಯಲ್ಲಿ ಸಿರುಗುಪ್ಪದ ಕಡೆಗೆ ಹೋಗಿದ್ದೆವು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಆ ಸೀಮೆ ಭತ್ತದ ಕಣಜವಾದುದು ಎಲ್ಲರೂ ಬಲ್ಲ ಸಂಗತಿ. ಭತ್ತದ ಹೂವನ್ನು ಕಂಡವರು ಎಷ್ಟು ಮಂದಿ? ತೆನೆ ಹೊರಬಂದ ಗದ್ದೆಯ ಬದುವಿನ ಮೇಲೆ ಬೆಳಗಿನ ಒಂಬತ್ತು ಗಂಟೆಗೆ ಮುಕ್ಕಾಲಿಯನ್ನು ಹೂಡಿಕೊಂಡು ಕುಳಿತೆವು. ಗಾಳಿಗೆ ತೆನೆ ತೂಗದಂತೆ ಒಬ್ಬ ಹುಡುಗ ಕೊಡೆಯನ್ನು ಅಡ್ಡಹಿಡಿದನು. ಹತ್ತು ಗಂಟೆಯ ಹೊತ್ತಿಗೆ, ಮುಚ್ಚಿದ ಕೈಗಳಂತಿದ್ದ ಒಂದು ಕಾಳಿನ ಎರಡು ಸಿಪ್ಪೆಗಳು ಮೆಲ್ಲನೆ ಅಗಲತೊಡಗಿದವು. ಬುಡದಲ್ಲಿರುವ ಎರಡು ಪುಟ್ಟ ಪೊರೆಗಳು ನೀರು ಹೀರಿ ಉಬ್ಬಿ ಸಿಪ್ಪೆಗಳನ್ನು ಒಳಗಿನಿಂದ ದೂಡುವುದರಿಂದ ಹಾಗಾಗುತ್ತದೆ. ನಡುವಿನಿಂದ ಬಿಳಿಯ ನೂಲಿನಂಥ ಎಳೆಗಳ ತುದಿಯಲ್ಲಿ ಹಳದಿಯ ಚೀಲಗಳು ಹೊರಕ್ಕೆ ಜೋತವು. ಎಣಿಸಿದೆವು: ಆರು. ಒಳಗೆ ಹಕ್ಕಿಯ ಪುಕ್ಕದಂಥ ಎರಡು ಶಲಾಕೆಗಳು. ಸುಮಾರು ಒಂದು ಗಂಟೆಯಾಗುವಷ್ಟರಲ್ಲಿ ಸಿಪ್ಪೆಗಳು ಮತ್ತೆ ಮುಚ್ಚಿಕೊಂಡವು. ಬಾಡಿದ ಚೀಲಗಳು ಮಾತ್ರ ಹೊರಗೆ ನೇತಾಡುತ್ತ ಉಳಿದವು. ನಾವು ದಿನವೂ ಉಣ್ಣುವ ಒಂದೊಂದು ಅಕ್ಕಿಯ ಕಾಳೂ ಜೀವಮಾನದಲ್ಲಿ ಒಮ್ಮೆ, ಒಂದು ಗಂಟೆಯ ಕಾಲ ಬಾಗಿಲು ತೆರೆದು ಮುಚ್ಚಿದ ಮನೆಯೆಂಬುದು ಅಂದು ನನಗೆ ತಿಳಿಯಿತು.

ಗದ್ದೆಯ ಯಜಮಾನರು, ಅರವತ್ತು ದಾಟಿದವರು, ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. “ನಲವತ್ತು ವರ್ಷ ಭತ್ತ ಬೆಳ್ದೀನ್ರಿ ಪಂಡಿತ್ರೆ, ಒಳಗ ಹಿಂಗೈತಿ ಅಂತ ಗೊತ್ತಿದ್ದಿಲ್ಲ. ಹೂವಿನ ಹೊತ್ನಾಗ ಮುಂಜಾನಿ ಔಷಧ ಹೊಡೀಬ್ಯಾಡ್ರಿ ಅಂತ ಅವರು ಹೇಳೋರು. ಯಾಕಂತ ಈಗ ತಿಳೀತು ನೋಡ್ರಿ” ಎಂದರು. ಕೃಷಿ ಇಲಾಖೆಯವರು ಕೊಡುವ ಈ ಸಲಹೆ ಸರಿಯಾದುದೇ. ಸಿಪ್ಪೆ ತೆರೆದಿರುವ ಹೊತ್ತಿನಲ್ಲಿ ಔಷಧ ಬಿದ್ದರೆ ಪರಾಗ ಕೆಟ್ಟು ಕಾಳು ಜೊಳ್ಳಾಗಬಹುದು. ನಾನು ಅಧ್ಯಾಪಕನಾಗಿ ಬಹಳ ಪಾಠ ಮಾಡಿದ್ದೇನೆ. ಇಷ್ಟು ಬೇಗ ನಾಟಿದ ಪಾಠ ಇನ್ನೊಂದು ನೆನಪಿಲ್ಲ. ಹಿಂದಿರುಗುವಾಗ ಎರೆಹೊಲದ ಜೋಳದ ತೆನೆಯನ್ನೂ ಮಕ್ಕಳು ಬಿಡಲಿಲ್ಲ. ಅದರ ಹೂವಿನಲ್ಲಿ ಚೀಲಗಳು ಮೂರೇ. ಹುಲ್ಲಿನ ಜಾತಿಯಲ್ಲಿ ಮೂರಿರುವುದೇ ಸಾಮಾನ್ಯ, ಭತ್ತದ್ದೇ ವಿಶೇಷ. ರೊಟ್ಟಿಯ ಸೀಮೆಗೂ ಅನ್ನದ ಸೀಮೆಗೂ ನಡುವಣ ಗಡಿಯನ್ನು ಹೂವಿನಲ್ಲಿಯೂ ಗುರುತಿಸಬಹುದೆಂದು ಒಬ್ಬ ಹುಡುಗ ತಮಾಷೆ ಮಾಡಿದನು.

ಮೃಗಶಿರಾ ಮಳೆ ಬಿದ್ದೊಡನೆ ಕೆಂಪು ಮಖಮಲ್ಲಿನ ಗುಂಡಿಯಂತೆ ನೆಲದ ಮೇಲೆ ಹರಿದಾಡುವ ಹುಳುವಿನ ಚಿತ್ರದಲ್ಲಿ ಎಂಟು ಕಾಲುಗಳು ಕಂಡಾಗಲೂ ಹೀಗೆಯೇ ಆಯಿತು. ಅದು ಆರು ಕಾಲಿನ ಕೀಟಗಳ ಪೈಕಿಯಲ್ಲ, ಜೇಡ ಉಣ್ಣೆಗಳ ಬಳಗ.

ಕುರುಗೋಡಿಗೆ ಹೋದವರೆಲ್ಲ ದೊಡ್ಡಬಸವೇಶ್ವರನ ಏಕಶಿಲಾ ಮೂರ್ತಿಯ ಮುಂದೆ ನಿಂತು ಬೆರಗಾಗುತ್ತಾರೆ. ಆಗಬೇಕಾದುದೇ. ಅಲ್ಲಿನ ಬೆಟ್ಟದ ಬಂಡೆಗಳ ಮೇಲೆ ಬೂದಿ, ಹಳದಿ, ಕಿತ್ತಳೆ ಬಣ್ಣದ ಕಲೆಗಳಿರುವುದನ್ನು ಯಾರೂ ಗಮನಿಸರು. ನಾವು ಅದನ್ನು ಹತ್ತಿರದಿಂದ ಚಿತ್ರ ತೆಗೆದಾಗ ಸಣ್ಣ ಬಟ್ಟಲುಗಳು, ಮಡಿಕೆಗಳು, ಬಿರುಕು ಬಿಟ್ಟ ಕೆರೆಯಂಗಳದಂಥ ಹಾಳೆಗಳು ಗೋಚರವಾದವು. ಇವು ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಂಧುಗಳು. ಕಲ್ಲುಹೂವು ಹೂವಲ್ಲ, ಒಂದು ಗಿಡವೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೋಡುಜೀವ. ಪಾಚಿ ಬಿಸಿಲಿನಿಂದ ಅನ್ನ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿಕೊಡುತ್ತದೆ. ಅತ್ತಿಯ ವಿಷಯದಲ್ಲಿ ಹೂವಿದ್ದುದನ್ನು ಇಲ್ಲವೆಂದ ನಮ್ಮ ಭಾಷೆ ಇಲ್ಲಿ ಹೂವಲ್ಲದುದನ್ನು ಹೂವೆಂದಿತು. ಇದರಲ್ಲಿ ಭಾಷೆಯ ತಪ್ಪೇನೂ ಇಲ್ಲ. ಅದು ಬರಿಗಣ್ಣಿಗೆ ಕಂಡುದನ್ನು ಪ್ರಾಮಾಣಿಕವಾಗಿ ಹೇಳಿತು. ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವಂಥದು. ಅಂಗೈಯಗಲದ ಕಲೆಯೊಂದಕ್ಕೆ ನೋಡುವವನಿಗಿಂತ ಹೆಚ್ಚು ವಯಸ್ಸಾಗಿರಬಹುದು. ಆದುದರಿಂದ ಅದನ್ನು ಕೆರೆದು ತರಕೂಡದೆಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಈ ಸಂದರ್ಭದಲ್ಲಿ ಒಂದು ಆಕ್ಷೇಪವನ್ನು ಹೇಳಿಬಿಡುತ್ತೇನೆ. ಹೂವಿನ ಮೇಲೆ ನೀರು ಚಿಮುಕಿಸಿ ಅದನ್ನೇ ಇಬ್ಬನಿಯೆನ್ನುವುದು, ಚಿಟ್ಟೆ ಅಲುಗದಿರಲೆಂದು ಅದನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು ಕೆಲವರಿಗೆ ಅಭ್ಯಾಸವಾಗಿದೆ. ನಮ್ಮ ಮಕ್ಕಳಿಗೆ ಇವೆರಡೂ ಸಲ್ಲವು. ಬೆಳಗಿನ ಜಾವದ ತಂಪಿನಲ್ಲಿ ಕೀಟಗಳು ತಾವಾಗಿಯೇ ನಿಶ್ಚಲವಾಗಿರುತ್ತವೆ. ಬೇಕಾದವರು ಬೇಗ ಏಳಲಿ. ಹಾಗೆಯೇ ಅಳತೆಪಟ್ಟಿಯ ಅಂಚೊಂದನ್ನು ಪಕ್ಕದಲ್ಲಿಟ್ಟು ಇನ್ನೊಂದು ಚಿತ್ರವನ್ನೂ ತೆಗೆಯಬೇಕು. ಇಲ್ಲದಿದ್ದರೆ ಸಾಸಿವೆಯೂ ಕಲ್ಲಂಗಡಿಯೂ ಒಂದೇ ಗಾತ್ರವಾಗಿ, ನೋಡುವವರು ಮೋಸಹೋಗುವರು.

ಬಳ್ಳಾರಿ ನಗರದಲ್ಲಿ ಕುಳಿತಲ್ಲೇ ನೋಡಬಹುದಾದ ವಸ್ತುಗಳಿಗೇನೂ ಕೊರತೆಯಿಲ್ಲ. ನಮ್ಮ ಹಲವು ವಿದ್ಯಾರ್ಥಿಗಳ ತಂದೆತಾಯಿಗಳು ಜೀನ್ಸ್ ಹೊಲಿಗೆಯ ಘಟಕಗಳಲ್ಲಿ ದುಡಿಯುವರು. ಆ ಬಟ್ಟೆಯ ತುಣುಕೊಂದನ್ನು ಹತ್ತಿರದಿಂದ ನೋಡಿದರೆ ನೀಲಿಯ ಹಾಸಿನ ಮೇಲೆ ಬಿಳಿಯ ಹೊಕ್ಕು ಓರೆಗೆರೆಯಾಗಿ ಸಾಗಿರುವುದು ಕಾಣುತ್ತದೆ. ಅಂಚು ಬಿಚ್ಚಿದ ನೀಲಿ ನೂಲಿನ ಅಡ್ಡಸೀಳಿನಲ್ಲಿ ಬಣ್ಣ ಮೇಲ್ಪದರದಲ್ಲಿ ಮಾತ್ರ ಇದ್ದು ತಿರುಳು ಬಿಳಿಯದಾಗಿಯೇ ಉಳಿದಿರುತ್ತದೆ. ತೊಟ್ಟಂತೆಲ್ಲ ಆ ಬಟ್ಟೆ ಬೆಳ್ಳಗಾಗುವುದರ ಗುಟ್ಟು ಇದು.

ನಗರದ ಹೊರವಲಯದ ಸಂಗನಕಲ್ಲು ಕಪ್ಪಗಲ್ಲು ಗುಡ್ಡಗಳ ಕರಿಗಲ್ಲಿನ ಮೇಲೆ ನವಶಿಲಾಯುಗದ ಜನ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳಿವೆ. ಸಮೀಪ ಚಿತ್ರದಲ್ಲಿ ನೋಡಿದಾಗ ರೇಖೆಯೆಂದು ತೋರಿದುದು ರೇಖೆಯಲ್ಲ, ಒಂದರ ಪಕ್ಕದಲ್ಲೊಂದು ಬಿದ್ದ ಕಲ್ಲೇಟಿನ ಚುಕ್ಕೆಗಳ ಸಾಲು. ಬಂಡೆಯ ಕಪ್ಪು ಮೈ ಕಿತ್ತುಬಂದು ಒಳಗಿನ ತೆಳುಬಣ್ಣ ಕಂಡಿದೆ. ಈ ಚಿತ್ರಗಳ ಸುದ್ದಿ 1892ರಲ್ಲಿಯೇ ಫಾಸೆಟ್ ಎಂಬವರ ಲೇಖನದಿಂದ ವಿದ್ವಾಂಸರಿಗೆ ತಲಪಿತ್ತು. ಆ ಗುಡ್ಡಕ್ಕೆ ಕಲ್ಲುಗಣಿಯ ಬಾಧೆ ತಟ್ಟಿದುದನ್ನು ಬಲ್ಲವರಿಗೆ ಒಂದೊಂದು ಚುಕ್ಕೆಯ ಚಿತ್ರವೂ ಏಕೆ ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಪರರಿಗೆ ಬುದ್ಧಿ ಹೇಳುವ ಮೊದಲು ನನ್ನದನ್ನು ಹೇಳಬೇಕು. ನಮ್ಮ ಮನೆಯಲ್ಲಿ ಅಜ್ಜನವರ ಕಾಲದ ಒಂದು ಓಲೆಕಟ್ಟು ಇತ್ತು. ಕಂಠದಿಂದ ಕೊರೆದು ಮಸಿ ತೀಡಿದ ಬರಹ, ಪುರಾಣವೊಂದರ ಪ್ರತಿ. ವರ್ಷಗಳುರುಳಿ ಮಸಿ ಮಾಸಿದುದರಿಂದ ಓದಲು ಆಗುತ್ತಿರಲಿಲ್ಲ. ಆ ಹುಡುಗ ಅತ್ತಿಯ ಚಿತ್ರ ತೋರಿಸಿದ ವರ್ಷವೇ, ಈ ಓಲೆಗಳನ್ನೂ ಹೀಗೆ ತೆಗೆಯಬಹುದಲ್ಲ ಎಂದು ಮನಸ್ಸಿಗೆ ಹೊಳೆದಿತ್ತು. ಬೇಸಿಗೆಗೆ ತೆಗೆಯೋಣ, ಪರೀಕ್ಷೆ ಮುಗಿಯಲಿ, ಮಳೆ ಕಳೆಯಲಿ ಎಂದು ಮೂರು ವರ್ಷ ಕಳೆದೆನು. ಕೊನೆಗೊಂದು ದಿನ ಬಟ್ಟೆಯನ್ನು ಬಿಚ್ಚಿದಾಗ ಮೇಲಿನ ಓಲೆಗಳು ಹುಳು ಕೊರೆದು ಹಿಟ್ಟಾಗಿದ್ದವು. ಬೆರಳು ತಾಗಿದೊಡನೆ ಉದುರಿದವು. ಅದರಲ್ಲಿ ಏನಿತ್ತೆಂಬುದನ್ನು ಇನ್ನು ಯಾರೂ ಹೇಳಲಾರರು. ತಪ್ಪು ಸಂಪೂರ್ಣವಾಗಿ ನನ್ನದು.

ಅಡಿಯಲ್ಲಿ ಗಟ್ಟಿಯಾಗಿ ಉಳಿದುದು ನಲವತ್ತೊಂದು ಗರಿ. ಅವನ್ನು ಅದೇ ವಾರ ಚಿತ್ರ ತೆಗೆದೆವು. ಆ ಹುಡುಗ ಆಗ ಕಾಲೇಜಿಗೆ ಸೇರಿದ್ದನು, ಕರೆದೊಡನೆ ಬಂದನು. ದೀಪವನ್ನು ಮೇಲಿನಿಂದ ಹಿಡಿದರೆ ಗರಿ ಬರಿದಾಗಿ ಕಾಣುತ್ತಿತ್ತು. ಅದನ್ನು ಮೇಜಿನ ಮಟ್ಟಕ್ಕೆ ಇಳಿಸಿ ಒಂದು ಪಕ್ಕದಿಂದ ಬೆಳಕು ಹಾಯಿಸಿದಾಗ ಕಂಠ ಕೊರೆದ ಗೀರಿನ ಒಂದು ದಡ ಬೆಳಗಿ ಇನ್ನೊಂದು ದಡ ನೆರಳಾಗಿ, ಮಸಿಯಿಲ್ಲದೆಯೂ ಅಕ್ಷರ ಎದ್ದು ನಿಂತಿತು. ಹಳೆಯ ಓಲೆಗಳಲ್ಲಿ ಪಕಾರ ವಕಾರಗಳನ್ನು ಬೇರ್ಪಡಿಸುವುದು ಓದುಗರಿಗೆ ಸದಾ ತಲೆನೋವು. ಹಿಗ್ಗಿಸಿದ ಚಿತ್ರದಲ್ಲಿ ಗೀರು ಎಲ್ಲಿ ಮೊದಲಾಯಿತು, ಎಲ್ಲಿ ತಿರುಗಿತು, ಕಂಠವನ್ನು ಎಲ್ಲಿ ಎತ್ತಿದರು ಎಂಬುದು ಕಂಡುದರಿಂದ ಎಷ್ಟೋ ಕಡೆ ಸಂಶಯ ನೀಗಿತು. ಹನ್ನೆರಡನೆಯ ಗರಿಯ ಅಂಚಿನಲ್ಲಿ, ಗ್ರಂಥಕ್ಕೆ ಸೇರದ ಒಂದು ಪಂಕ್ತಿ ಸಣ್ಣಗೆ ಕೊರೆದಿದೆ. ಅದರಲ್ಲಿ ಮೂರು ಅಕ್ಷರ ಮಾತ್ರ ಇನ್ನೂ ಬಿಡಿಸಲಾಗಿಲ್ಲ. ಬೆಳಕನ್ನು ಎಡಗಡೆಯಿಂದ ಹಿಡಿದು ಮತ್ತೊಮ್ಮೆ ತೆಗೆದು ನೋಡೋಣವೆಂದು ಅವನು ಹೇಳಿದ್ದಾನೆ. ಈ ಬಾರಿ ದೀಪಾವಳಿಗೆ ಊರಿಗೆ ಬರುವನಂತೆ.